ಆ ಇಳಕಲ್ ಸೀರೆಗೆ ಇನ್ನೂ ಕತ್ತರಿ ಹಾಕ್ಬೇಡಿ

ಅಜ್ಜಿಯ ರೇಷ್ಮೆ ಸೀರೆಯಲ್ಲಿ ಕುರ್ತಾ ಹೊಲಿದೆ, ಕೆಲವೇ ಸಲ ಹಾಕೋ ಅಷ್ಟರಲ್ಲಿ ಕಂಕುಳ ಹತ್ರ, ಬೆನ್ನಿನ ಮೇಲ್ಗಡೆ ಹರಿದು ಬಂತು ಅಂತ ಫೋಟೋ ಹಾಕಿದ್ದೀರಲ್ಲ, ನೋಡಿದೆ. ಕೆಳಗಡೆ ಎಲ್ಲರೂ "ಹೊಲಿಗೆ ಬಿಗಿ ಆಗಿದೆ", "ಒಳಗಡೆ ಫ್ಯೂಸಿಂಗ್ ಅಂಟಿಸಿ ಇಸ್ತ್ರಿ ಹಾಕಿ" ಅಂತ ಬರೆದಿದ್ದಾರೆ (ಫ್ಯೂಸಿಂಗ್ ಅಂದ್ರೆ ಇಸ್ತ್ರಿ ಬಿಸಿಗೆ ಅಂಟಿಕೊಳ್ಳೋ ಒಳಬಟ್ಟೆ). ನೀವೂ "ಸರಿ ಅಕ್ಕ, ಮುಂದಿನ ವಾರ ಅಮ್ಮನ ಇಳಕಲ್ ಕತ್ತರಿಸ್ತೀನಿ, ಈ ಸಲ ಮಾರ್ಜಿನ್ ಜಾಸ್ತಿ ಬಿಡ್ತೀನಿ" ಅಂದಿದ್ದೀರಿ. ದಯವಿಟ್ಟು ಒಂದ್ನಿಮಿಷ ನಿಲ್ಲಿ. ಈ ದಾರೀಲಿ ನಾನೂ ಒಂದು ಒಳ್ಳೇ ಸೀರೆ ಕಳ್ಕೊಂಡಿದ್ದೀನಿ, ಅದಕ್ಕೇ ಇಷ್ಟುದ್ದ ಬರೀತಿರೋದು.

ನಿಮ್ಮ ಫೋಟೋನ ದೊಡ್ಡದು ಮಾಡಿ ನೋಡಿ. ಹೊಲಿಗೆ ಬಿಟ್ಟಿಲ್ಲ. ಹೊಲಿಗೆಯಿಂದ ಅರ್ಧ ಇಂಚು ಈಚೆ, ಬಟ್ಟೆಯ ಮೈಯಲ್ಲೇ ಸೀಳಿದೆ. ಒಂದು ದಿಕ್ಕಿನ ಎಳೆಗಳು ಹಾಗೇ ಜೋತಾಡ್ತಿವೆ, ಇನ್ನೊಂದು ದಿಕ್ಕಿನವು ತುಂಡಾಗಿವೆ. ಅಂದ್ರೆ ಬಟ್ಟೆಗೇ ಶಕ್ತಿ ಹೋಗಿದೆ. ಇದಕ್ಕೆ ಮಾರ್ಜಿನ್ ಒಂದಿಂಚು ಬಿಟ್ರೂ ಅಷ್ಟೇ, ಎರಡಿಂಚು ಬಿಟ್ರೂ ಅಷ್ಟೇ. ಫ್ಯೂಸಿಂಗ್ ಅಂತೂ ಹಳೇ ರೇಷ್ಮೆಗೆ ಬೇಡವೇ ಬೇಡ. ಅಂಟಿಸಿದ ಜಾಗ ರಟ್ಟಾಗುತ್ತೆ, ಆ ತುಂಡಿನ ಅಂಚು ಎಲ್ಲಿ ಮುಗಿಯುತ್ತೋ ಅಲ್ಲೇ ಹೊಸ ಸೀಳು ಶುರು. ಕಾಲರ್‌ಗೆ, ಕಫ್‌ಗೆ, ಹೊಸ ಕಾಟನ್‌ಗೆ ಹಾಕ್ಕೊಳ್ಳಿ, ಅಲ್ಲಿ ನನ್ನ ತಕರಾರಿಲ್ಲ.

ಸೀರೆ ಎಲ್ಲಾ ಕಡೆ ಒಂದೇ ಸಮ ಸವೆಯೋದಿಲ್ಲ, ಇದನ್ನ ಮೊದಲು ತಲೆಗೆ ಹಾಕ್ಕೊಳ್ಳಿ. ಐದೂವರೆ ಮೀಟರ್ ಇದೆ ಅಂತ ಮೇಜಿನ ಮೇಲೆ ಹರಡಿ, ಎಲ್ಲಿ ಬುಟ್ಟಾ ಚೆಂದ ಕೂರುತ್ತೋ ಅಲ್ಲಿ ಪ್ಯಾಟರ್ನ್ ಇಡ್ತೀವಿ. ಆದ್ರೆ ಆ ಐದೂವರೆ ಮೀಟರಲ್ಲಿ ಕೂತು ಕೂತು ಎಳೆದಿರೋ ಜಾಗ ಒಂದು, ಸೆರಗಿಗೆ ಪಿನ್ ಚುಚ್ಚಿ ಚುಚ್ಚಿ ತೂತಾಗಿರೋ ಜಾಗ ಇನ್ನೊಂದು, ಸೊಂಟಕ್ಕೆ ಸಿಕ್ಕಿಸಿ ಬೆವರು ಕುಡಿದಿರೋ ಮೇಲಂಚು, ಹಿಮ್ಮಡಿಗೆ ಸಿಕ್ಕಿ ಪುಡಿಯಾಗಿರೋ ನೆರಿಗೆಯ ಕೆಳಗಂಚು. ಇವೆಲ್ಲ ಉಟ್ಟು ಸವೆದದ್ದು. ಉಡದೇ ಸವೆಯೋದು ಬೇರೆ: ಬೀರುವಿನಲ್ಲಿ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಕೂತ ಸೀರೆ ಆ ಮಡಿಕೆಯ ಗೆರೆ ಹಿಡಿದೇ ಸೀಳುತ್ತೆ, ಅದರಲ್ಲೂ ಜರಿ ಜಾಸ್ತಿ ಇದ್ರೆ. ಜರಿ ಅಂದ್ರೆ ಎಷ್ಟಾದ್ರೂ ಲೋಹದ ತಂತಿ, ಮಡಿಚಿದ ಕಡೆ ಪಕ್ಕದ ರೇಷ್ಮೆ ಎಳೆಯನ್ನ ಕೊಯ್ಯುತ್ತೆ. ನಿಮ್ಮ ಕುರ್ತಾದ ಬೆನ್ನಿನ ಸೀಳು ನೇರ ಗೆರೆ ಎಳೆದ ಹಾಗಿದೆ, ಅದು ನೂರಕ್ಕೆ ನೂರು ಮಡಿಕೆ ಗೆರೆ.

ನಾನು ಮಾಡೋದು ಹೀಗೆ. ಮೊದಲು ಫಾಲ್ಸ್ ಬಿಚ್ಚಿ, ಪೀಕೋ ಅಂಚು ಕತ್ತರಿಸಿ ತೆಗೀತೀನಿ. ಫಾಲ್ಸ್ ಬಿಚ್ಚಿದ ಕಡೆ ಉದ್ದಕ್ಕೂ ಬಟ್ಟೆಯ ನಿಜವಾದ ಬಣ್ಣ ಕಾಣುತ್ತೆ, ಪಕ್ಕದಲ್ಲೇ ಕೊಳೆಯ ಗೆರೆ, ಅದರಾಚೆ ಮಂಕಾದ ಮೈ. ಎಷ್ಟು ಬಣ್ಣ ಹೋಗಿದೆ ಅಂತ ಅಲ್ಲೇ ಗೊತ್ತಾಗುತ್ತೆ, ಬಿಸಿಲು ಬೆವರಲ್ಲಿ ಬಣ್ಣ ಹೋದ ಕಡೆ ಸಾಮಾನ್ಯವಾಗಿ ಶಕ್ತಿಯೂ ಹೋಗಿರುತ್ತೆ. ಆಮೇಲೆ ಹಗಲು ಹೊತ್ತಲ್ಲಿ ಕಿಟಕಿಗೆ ಅಡ್ಡ ಹಿಡಿದು ಮೊಳ ಮೊಳ ಸರಿಸ್ತಾ ನೋಡ್ತೀನಿ. ಗಟ್ಟಿ ಇದ್ದ ಕಡೆ ನೇಯ್ಗೆ ಒಂದೇ ಸಮ ಕಾಣುತ್ತೆ. ಸವೆದ ಕಡೆ ಎಳೆಗಳು ಸರಿದು ಸಣ್ಣ ಸಣ್ಣ ಕಿಂಡಿ. ಸಂಶಯ ಬಂದ ಕಡೆ ಎರಡೂ ಹೆಬ್ಬೆರಳು ಎರಡಿಂಚು ದೂರದಲ್ಲಿಟ್ಟು ಬಟ್ಟೆ ಹಿಡಿದು ಮೊದಲು ಹಾಸಿನ (ಉದ್ದದ ಎಳೆಯ) ದಿಕ್ಕಿಗೆ, ಆಮೇಲೆ ಹೊಕ್ಕಿನ (ಅಡ್ಡ ಎಳೆಯ) ದಿಕ್ಕಿಗೆ ಎಳೀರಿ. ಹುಷಾರಾಗಿ, ಆದ್ರೆ ಧೈರ್ಯವಾಗಿ. ಕಿವಿಗೆ ಸಣ್ಣಗೆ ಚರ್ ಅಂತ ಕೇಳಿಸಿತೋ, ಆ ಜಾಗ ಬಿಟ್ಟುಬಿಡಿ. ಮೇಜಿನ ಮೇಲೆ ಹರಿದ್ರೆ ಅಷ್ಟೇ ಹೋಯ್ತು, ಮದುವೆಮನೇಲಿ ಕೈ ಎತ್ತಿದಾಗ ಹರಿದ್ರೆ ಏನು ಮಾಡ್ತೀರಿ?

ದುರ್ಬಲ ಅನ್ನಿಸಿದ ಜಾಗಕ್ಕೆಲ್ಲ ಬೇರೆ ಬಣ್ಣದ ದಾರದಲ್ಲಿ ದೊಡ್ಡದಾಗಿ ಕಚ್ಚಾ ಹೊಲಿಗೆ ಹಾಕಿ ಸುತ್ತು ಬರೀರಿ. ಚಾಕ್ ಬೇಡ, ಮೇಣದ ಚಾಕ್ ರೇಷ್ಮೆ ಮೇಲೆ ಇಸ್ತ್ರಿ ತಾಗಿದ್ರೆ ಜಿಡ್ಡು ಉಳಿಯುತ್ತೆ. ಈಗ ಆ ಸುತ್ತುಗಳನ್ನ ಬಿಟ್ಟು ಉಳಿದದ್ದೇ ನಿಮ್ಮ ಬಟ್ಟೆ. ಒಳ್ಳೇ ಸೀರೆಯಲ್ಲೂ ಇದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಿಕ್ಕಬಹುದು ಅಷ್ಟೇ. ಉಡುವಾಗ ಒಳಗಡೆ ಹೋಗೋ ಮೊದಲ ಸುತ್ತಿನ ಮಧ್ಯಭಾಗ ಸಾಮಾನ್ಯವಾಗಿ ಗಟ್ಟಿ ಇರುತ್ತೆ, ಬೆನ್ನು ಮತ್ತು ತೋಳು ಅಲ್ಲಿಂದಲೇ ತೆಗೀರಿ. ಮುಂಭಾಗಕ್ಕಿಂತ ಬೆನ್ನಿಗೇ ಎಳೆತ ಜಾಸ್ತಿ ಅನ್ನೋದು ತುಂಬಾ ಜನಕ್ಕೆ ಹೊಳೆಯೋದಿಲ್ಲ. ಚೆಂದದ ತುಂಡೆಲ್ಲ ಮುಂದೆ ಇಟ್ಟು ಸವೆದದ್ದನ್ನ ಹಿಂದಕ್ಕೆ ಹಾಕ್ತಾರೆ.

ಇನ್ನು ನನ್ನ ಮುಖ್ಯ ಮಾತು, ಹಳೇ ಪಂಚೆ. ಹಳೇ ಸೀರೆಯಲ್ಲಿ ಏನೇ ಹೊಲಿದ್ರೂ ಒಳಗಡೆ ಮಲ್ ಪಂಚೆಯ, ಅಂದ್ರೆ ತೆಳು ನವಿರು ಕಾಟನ್ ಪಂಚೆಯ ಪದರ ಇಲ್ಲದೆ ನಾನು ಹೊಲಿಯೋದೇ ಇಲ್ಲ. ಅಂಗಡಿ ಲೈನಿಂಗ್ ತಂದು ನೆನೆಸದೇ ಹಾಕಿ, ಮೊದಲ ಒಗೆತಕ್ಕೆ ಅದು ಒಳಗೇ ಕುಗ್ಗಿ ಮೇಲಿನ ರೇಷ್ಮೆ ಚೀಲದ ಥರ ಉಬ್ಬೋದನ್ನ ಎಲ್ಲರೂ ನೋಡಿದ್ದೀರಿ. ಪಂಚೆ ಮನೇಲಿ ಎಷ್ಟೋ ಸಲ ಒಗೆದು ಕುಗ್ಗೋದೆಲ್ಲ ಕುಗ್ಗಿರುತ್ತೆ, ಮೆತ್ತಗಿರುತ್ತೆ, ಬೆವರು ಹೀರುತ್ತೆ. ಆದ್ರೆ ಅದಕ್ಕೂ ಹೆಬ್ಬೆರಳ ಪರೀಕ್ಷೆ ಮಾಡಿ, ಉಟ್ಟಾಗ ಮಂಡಿಗೆ ಬರೋ ಜಾಗ ಬಿಡಿ. ಪಾಲಿಯೆಸ್ಟರ್ ಬೆರೆಸಿದ ಪಂಚೆ ಬೇಡ. ಪಂಚೆ ಇಲ್ಲದಿದ್ರೆ ಮಲ್ ಬಟ್ಟೆ ತಂದು ಎರಡು ಸಲ ಬಿಸಿನೀರಲ್ಲಿ ನೆನೆಸಿ ಒಣಗಿಸಿ ಬಳಸಿ.

ಇದನ್ನ ಲೈನಿಂಗ್ ಥರ ಬೇರೆ ಹೊಲಿದು ಕುತ್ತಿಗೆಯಲ್ಲಿ ಜೋಡಿಸಬೇಡಿ, ಅದರಿಂದ ರೇಷ್ಮೆಗೆ ಯಾವ ಆಸರೆಯೂ ಇಲ್ಲ. ರೇಷ್ಮೆಯ ಪ್ರತಿ ತುಂಡನ್ನೂ ಕತ್ತರಿಸಿ, ಎಳೆಯ ದಿಕ್ಕು ಎರಡರದ್ದೂ ಒಂದೇ ಇರೋ ಹಾಗೆ ಪಂಚೆಯ ಮೇಲೆ ಹರಡಿ. ಕೈಯಿಂದ ನಡುವೆ ಶುರು ಮಾಡಿ ಅಂಚಿನ ಕಡೆಗೆ ಓರೆಯಾಗಿ ಉದ್ದುದ್ದ ಕಚ್ಚಾ ಹೊಲಿಗೆ. ಹಾಕುವಾಗ ರೇಷ್ಮೆಯನ್ನ ಬಿಗಿಯಾಗಿ ಎಳೀಬೇಡಿ, ಪಂಚೆಗಿಂತ ಕೂದಲೆಳೆಯಷ್ಟು ಸಡಿಲ ಇರಲಿ. ಎಳೆತ ಬಂದಾಗ ಮೊದಲು ಪಂಚೆ ತಡ್ಕೋಬೇಕು, ಗುಟ್ಟು ಅಷ್ಟೇ. ಆಮೇಲೆ ಎರಡನ್ನೂ ಒಂದೇ ಬಟ್ಟೆ ಅಂದ್ಕೊಂಡು ಡಾಟ್ಸ್ (ಮೈಗೆ ಸರಿ ಕೂರೋಕೆ ಹಿಡಿಯೋ ಮಡಿಕೆ ಹೊಲಿಗೆ), ಪಕ್ಕದ ಹೊಲಿಗೆ, ತೋಳು ಎಲ್ಲ ಹಾಕಿ. ಕಚ್ಚಾ ಹೊಲಿಗೆಯನ್ನ ಕೊನೇಲಿ ಬಿಚ್ಚಿ, ಅವಸರ ಬೇಡ. ಒಂದು ಸಂಜೆ ಪೂರ್ತಿ ಹೋಗುತ್ತೆ, ಹೋಗಲಿ. ಮಷೀನ್ ಮೇಲೆ ಉಳಿಸಿದ ಸಮಯವನ್ನ ಆಮೇಲೆ ತೇಪೆ ಹಾಕೋಕೆ ಕೊಡಬೇಕಾಗುತ್ತೆ.

ಫಿಟ್ಟಿಂಗ್ ವಿಷಯ. ಹಳೇ ರೇಷ್ಮೆಯಲ್ಲಿ ಮೈಗಂಟೋ ಫಿಟ್ಟಿಂಗ್ ಕೇಳಲೇಬೇಡಿ. ಎದೆ ಸುತ್ತಳತೆಗೆ ಕನಿಷ್ಠ ನಾಲ್ಕಿಂಚು ಸೇರಿಸಿ. ಕಂಕುಳಿಗೆ, ಹಳೇ ಜುಬ್ಬಾದಲ್ಲಿ ಇರುತ್ತಿತ್ತಲ್ಲ, ಮೂರಿಂಚಿನ ಚೌಕ ತುಂಡು, ಅದನ್ನ ಕ್ರಾಸ್‌ನಲ್ಲಿ, ಅಂದ್ರೆ ಎಳೆಗೆ ಓರೆಯಾಗಿ ಕತ್ತರಿಸಿ ಕೂರಿಸಿ. ಕೈ ಎತ್ತಿದಾಗ ಎಳೆತವೆಲ್ಲ ಆ ತುಂಡಿಗೆ ಹೋಗುತ್ತೆ. ಈ ಚೌಕ ಹೊಸ ಗಟ್ಟಿ ಬಟ್ಟೆಯದೇ ಇರಲಿ, ಯಾರಿಗೂ ಕಾಣೋದಿಲ್ಲ.

ಮಷೀನ್ ಸೂಜಿ 11ನೇ ನಂಬರ್, ಮೈಸೂರು ಸಿಲ್ಕ್ ಆದ್ರೆ 9. ನಾನು ಆರ್ಗನ್ ಬಿಟ್ಟು ಬೇರೆ ಸೂಜಿ ಹಾಕೋದಿಲ್ಲ. ರಸ್ತೆ ಬದಿ ಡಬ್ಬಿಯಲ್ಲಿ ಬಿಡಿಯಾಗಿ ಸಿಗೋ ಸೂಜಿಯ ಮೊನೆ ನೋಡಿದ್ರೆ ರೇಷ್ಮೆ ಹತ್ರ ತರೋಕೂ ಮನಸ್ಸಾಗೋದಿಲ್ಲ. ಪ್ರತಿ ಬಟ್ಟೆಗೂ ಹೊಸ ಸೂಜಿ. ಸಾವಿರಾರು ರೂಪಾಯಿ ಸೀರೆಗೆ ಒಂದು ಸೂಜಿಯ ದುಡ್ಡು ಉಳಿಸೋರನ್ನ ಕಂಡ್ರೆ ನಿಜಕ್ಕೂ ಬೇಜಾರಾಗುತ್ತೆ. ದಾರ: ಮೂನ್ ದಾರ ನನ್ನ ದಿನನಿತ್ಯದ್ದು, ಹೊಸ ಬಟ್ಟೆಗೆ ಒಳ್ಳೇದೇ. ಆದ್ರೆ ಅದು ಪಾಲಿಯೆಸ್ಟರ್. ಬಟ್ಟೆಗಿಂತ ದಾರ ಗಟ್ಟಿ ಆದ್ರೆ ಎಳೆತಕ್ಕೆ ದಾರ ಉಳಿಯುತ್ತೆ, ಬಟ್ಟೆ ಹೋಗುತ್ತೆ. ಹಳೇ ರೇಷ್ಮೆಗೆ ಸಣ್ಣ ಕಾಟನ್ ದಾರ ಹಾಕಿ, ಹೊಲಿಗೆ ಬಿಟ್ರೆ ಮತ್ತೆ ಹಾಕ್ಕೋಬಹುದು. ಸ್ಟಿಚ್ ಉದ್ದ ಎರಡೂವರೆ ಮಿಲಿಮೀಟರ್‌ಗಿಂತ ಕಡಿಮೆ ಬೇಡ. ಗಟ್ಟಿ ಆಗಲಿ ಅಂತ ಸಣ್ಣ ಸಣ್ಣ ಹೊಲಿಗೆ ಹಾಕಿದ್ರೆ ಅಂಚೆ ಚೀಟಿ ಹರಿಯೋಕೆ ಮಾಡಿದ ತೂತಿನ ಸಾಲಿನ ಹಾಗಾಗುತ್ತೆ.

ಒಗೆಯೋ ಬಗ್ಗೆ ಇಲ್ಲಿ ಯಾರೋ "ಎಲ್ಲ ಸೀರೆಯನ್ನೂ ನೆನೆಸಿ ಕತ್ತರಿಸಿ" ಅಂದಿದ್ದಾರೆ. ಕಾಟನ್‌ಗೆ ಸರಿ. ಮೈಸೂರು ಸಿಲ್ಕ್ ಕ್ರೇಪ್, ಎಳೆಗೆ ಹುರಿ ಜಾಸ್ತಿ, ನೀರು ಬಿದ್ರೆ ಕುಗ್ಗಿ ಸುಕ್ಕಾಗುತ್ತೆ. ಅದಕ್ಕೆ ಹಿಂಬದಿಯಿಂದ ಬಟ್ಟೆ ಹಾಕಿ ಹಬೆ ಇಸ್ತ್ರಿ ಸಾಕು, ಹೊಲಿದ ಮೇಲೂ ಡ್ರೈಕ್ಲೀನಿಂಗೇ. ಆರ್ಟ್ ಸಿಲ್ಕ್ (ರೇಯಾನ್‌ನ ಕೃತಕ ರೇಷ್ಮೆ) ಒದ್ದೆಯಾದಾಗ ತುಂಬಾ ದುರ್ಬಲ, ಹಿಂಡಬೇಡಿ. ಯಾವುದು ಏನು ಅಂತ ಗೊತ್ತಾಗದಿದ್ರೆ ಅಂಚಿನಿಂದ ನಾಲ್ಕು ಎಳೆ ತೆಗೆದು ಸಿಂಕ್ ಮೇಲೆ ಸುಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುತ್ತೆ, ಕಾಟನ್ ಮತ್ತು ಆರ್ಟ್ ಸಿಲ್ಕ್ ಕಾಗದ ಸುಟ್ಟ ವಾಸನೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತೆ. ಹಾಸು ಒಂದು, ಹೊಕ್ಕು ಇನ್ನೊಂದು ಇರಬಹುದು, ಎರಡರಿಂದಲೂ ತೆಗೀರಿ.

ಈಗ ನಿಮ್ಮ ಇಳಕಲ್. ಇದಕ್ಕೆ ಇನ್ನೊಂದು ಸೂಕ್ಷ್ಮ ಇದೆ. ಇಳಕಲ್‌ನ ಸೆರಗಿನ ಹಾಸು ಬೇರೆ, ಮೈಯ ಹಾಸು ಬೇರೆ. ಮಗ್ಗದಲ್ಲಿ ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸ್ತಾರೆ. ಮೈ ಕಾಟನ್ ಅಥವಾ ಆರ್ಟ್ ಸಿಲ್ಕ್, ಸೆರಗು ಕೆಂಪು ರೇಷ್ಮೆ, ಹೀಗಿದ್ರೆ ಎರಡೂ ಬೇರೆ ಬೇರೆ ಕುಗ್ಗುತ್ತೆ. ಕೊಂಡಿ ಸಾಲು ಎದೆ ಮೇಲೋ ಕೂರೋ ಜಾಗದಲ್ಲೋ ಬರೋ ಹಾಗೆ ಕತ್ತರಿಸಿದ್ರೆ ಅಲ್ಲೇ ಬಿಡುತ್ತೆ. ಆ ಸಾಲನ್ನ ಕೆಳಗಂಚಿನ ಹತ್ರ ತನ್ನಿ, ಹಿಂದೆ ಒಂದಿಂಚು ಮಲ್ ಪಟ್ಟಿ ಕೈಯಲ್ಲಿ ಹೆಮ್ಮಿಂಗ್ ಮಾಡಿ. ಇಲ್ಲಾಂದ್ರೆ ಟೋಪ್ ತೆನಿ ಅನ್ನೋ ಇಳಕಲ್ ವಿನ್ಯಾಸದ ಸೆರಗನ್ನ ಕುರ್ತಾಗೆ ಬಳಸಲೇಬೇಡಿ, ಇಡೀ ಸೆರಗು ಬೇರೆ ಮಾಡಿ ದುಪಟ್ಟಾ ಮಾಡ್ಕೊಳ್ಳಿ. ಕೊಂಡಿಯಿಂದ ಎರಡು ಬೆರಳು ಮೈ ಕಡೆಗೇ ಬಿಟ್ಟು ಕತ್ತರಿಸಿ. ಕೆಂಪು ಬಣ್ಣ ಬಿಡುತ್ತಾ ಅಂತ ಮೊದಲೇ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ.

ದಡಿ ಕುರ್ತಾದ ಕೆಳಗಂಚಿಗೆ ಬರಬೇಕು ಅಂತ ಎಲ್ಲರಿಗೂ ಆಸೆ. ಹಾಗೆ ಕತ್ತರಿಸಿದ್ರೆ ಬಟ್ಟೆ ಅಡ್ಡ ಆಗುತ್ತೆ, ಹೊಕ್ಕು ಮೇಲಿಂದ ಕೆಳಕ್ಕೆ ಬರುತ್ತೆ. ಬಟ್ಟೆ ಇಳಿಬೀಳೋ ರೀತಿ ಬೇರೆ, ಉದ್ದವೂ ಸೀರೆಯ ಪನ್ನಕ್ಕಿಂತ (ಅಗಲಕ್ಕಿಂತ) ಜಾಸ್ತಿ ಸಿಗೋದಿಲ್ಲ. ತಪ್ಪೇನಲ್ಲ, ಆದ್ರೆ ಮುಂದೆ ಅಡ್ಡ, ಹಿಂದೆ ಉದ್ದ ಅಂತ ಬೆರೆಸಬೇಡಿ, ಪಕ್ಕದ ಹೊಲಿಗೆ ತಿರುಚಿಕೊಳ್ಳುತ್ತೆ.

ಹರಿದ ಕುರ್ತಾ ಎಸೀಬೇಡಿ. ತೋಳು ಬಿಚ್ಚಿ, ಬೆನ್ನಿನ ಮೇಲ್ಭಾಗ ತೆಗೆದು ಅಲ್ಲಿಗೆ ಹೊಸ ಬಟ್ಟೆಯ ಯೋಕ್ (ಭುಜದಿಂದ ಕೆಳಕ್ಕೆ ಬರೋ ಮೇಲ್ತುಂಡು) ಕೂರಿಸಿ, ಪೂರ್ತಿ ಪಂಚೆ ಪದರ ಕೊಟ್ಟು ಮುಂದೆ ತೆರೆದ ಜಾಕೆಟ್ ಮಾಡಿ. ಮುಂದೆ ಬಟನ್ ಇಲ್ಲದಿದ್ರೆ ಎಳೆತವೂ ಕಡಿಮೆ. ಯೋಕ್‌ಗೆ ಬಟ್ಟೆ ಹುಡುಕ್ಕೊಂಡು ಚಿಕ್ಕಪೇಟೆಗೆ ಹೋಗಬೇಕಿಲ್ಲ, ಅರಿಶಿನ ಕುಂಕುಮಕ್ಕೆ ಬಂದ ರವಿಕೆ ಕಣಗಳು ಪ್ರತಿ ಮನೆಯಲ್ಲೂ ಗಂಟುಗಟ್ಟಲೆ ಇವೆ. ಸುಟ್ಟು ನೋಡಿ ಕಾಟನ್ನು, ಪಾಲಿಯೆಸ್ಟರ್ರು ಬೇರೆ ಬೇರೆ ಗಂಟು ಕಟ್ಟಿಡಿ. ಪಾಲಿಯೆಸ್ಟರ್ ಚೀಲಕ್ಕೆ, ಕಾಟನ್ ಯೋಕ್‌ಗೆ, ಜೇಬಿಗೆ, ಪೈಪಿಂಗ್‌ಗೆ. ಗುಳೇದಗುಡ್ಡ ಖಣ ಇದ್ರೆ ಅದನ್ನ ಪೈಪಿಂಗ್‌ಗೆ ಕತ್ತರಿಸಿ ಹಾಳು ಮಾಡ್ಬೇಡಿ, ಅದು ಯೋಕ್‌ಗೇ ಚೆಂದ.

ಏನಕ್ಕೂ ಬಾರದಷ್ಟು ಸವೆದದ್ದು ಕೌದಿಗೆ. ಅಲ್ಲಿ ಪದರದ ಮೇಲೆ ಪದರ ಇರೋದ್ರಿಂದ ಒಂಟಿ ಬಟ್ಟೆಯ ದೌರ್ಬಲ್ಯ ಲೆಕ್ಕಕ್ಕೆ ಬರೋದಿಲ್ಲ. ಹಳಿಯಾಳ, ಯಲ್ಲಾಪುರ ಕಡೆ ಸಿದ್ದಿ ಹೆಂಗಸರು ಹೊಲಿಯೋ ಕೌದಿ ನೋಡಿ, ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರ್ತಾರೆ, ನಾಲ್ಕು ಮೂಲೆಗೂ ಮಡಿಚಿದ ಸಣ್ಣ ತುಂಡಿನ ಹೂವು ಕೂರಿಸ್ತಾರೆ. ರೇಷ್ಮೆ ತುಂಡುಗಳನ್ನ ಒಳಪದರಕ್ಕೆ ಹಾಕಿ, ಮೇಲೆ ಕಾಟನ್ ಇರಲಿ.

ಕೆಳಗಡೆ ಒಬ್ರು ಕೇಳಿದ್ದಾರೆ, ಅಮ್ಮನ ಕಾಲದ ಕಪ್ಪು ಉಷಾ ಮಷೀನಲ್ಲಿ ರೇಷ್ಮೆ ಹೊಲೀಬಹುದಾ ಅಂತ. ಧಾರಾಳವಾಗಿ. ನೇರ ಹೊಲಿಗೆಗೆ ಅದರಷ್ಟು ನಂಬಿಕಸ್ತ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಎಣ್ಣೆ ಹಾಕಿದ ಮೇಲೆ ಬೇಡದ ಬಟ್ಟೆ ಮೇಲೆ ಹತ್ತು ನಿಮಿಷ ಓಡಿಸಿ, ರೇಷ್ಮೆಗೆ ಎಣ್ಣೆ ಕಲೆ ಆದ್ರೆ ಹೋಗೋದು ಕಷ್ಟ. ಟೆನ್ಷನ್ (ದಾರದ ಬಿಗಿ) ಸಡಿಲ ಮಾಡಿ, ಸೂಜಿ ಶುರುವಿನಲ್ಲೇ ಬಟ್ಟೆಯನ್ನ ಒಳಗೆ ಎಳೆದುಕೊಂಡ್ರೆ ಅಡಿಗೆ ನ್ಯೂಸ್‌ಪೇಪರ್ ಅಲ್ಲ, ಮಸಿ ಹತ್ತುತ್ತೆ, ತೆಳು ಬಿಳಿ ಕಾಗದದ ಪಟ್ಟಿ ಇಟ್ಟು ಹೊಲಿದು ಆಮೇಲೆ ಹರಿದು ತೆಗೀರಿ.