ಪರದೆಯ ಮೂಲೆಯಲ್ಲಿ ತನ್ನದೇ ಮುಖ

(ಗುರುತು ಸಿಗದಂತೆ ಊರು, ವಯಸ್ಸು ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಲಾಗಿದೆ. ಬರೆಯಲು ಆಕೆಯ ಒಪ್ಪಿಗೆ ಇದೆ.)

“ನನಗೆ ಎಡಿಎಚ್‌ಡಿ ಇರಬೇಕು” ಎಂದೇ ನನ್ನಲ್ಲಿ ಸಲಹೆಗೆ ಬಂದ ಆಕೆ ಮಾತು ಆರಂಭಿಸಿದರು. ಎಡಿಎಚ್‌ಡಿ ಎಂದರೆ ಗಮನ ನಿಲ್ಲದಿರುವ, ಚಡಪಡಿಕೆಯ ತೊಂದರೆ. ಮೊಬೈಲ್‌ನಲ್ಲಿ ಯಾವುದೋ ಪ್ರಶ್ನಾವಳಿ ತುಂಬಿದ್ದರು, ಬಂದ ಅಂಕವನ್ನೂ ತೋರಿಸಿದರು. ವಯಸ್ಸು ಮೂವತ್ತಾರು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ತಂಡದ ಹೊಣೆ. ಕೋವಿಡ್ ಕಾಲದಲ್ಲಿ ಶಿವಮೊಗ್ಗದ ಮನೆಗೆ ಬಂದವರು ಅಲ್ಲಿಂದಲೇ ಕೆಲಸ ಮುಂದುವರಿಸಿದ್ದಾರೆ. ವಾರ್ಷಿಕ ಮೌಲ್ಯಮಾಪನದಲ್ಲಿ ಮೇಲಧಿಕಾರಿ ಒಂದು ಸಾಲು ಬರೆದಿದ್ದರು: ಸಭೆಗಳಲ್ಲಿ ತೊಡಗಿಸಿಕೊಳ್ಳುವುದಿಲ್ಲ. ಆ ಸಾಲು ಆಕೆಯ ನಿದ್ದೆ ಕೆಡಿಸಿತ್ತು. ಅದು ನಿಜವೆಂಬುದು ಇನ್ನಷ್ಟು ಕೆಡಿಸಿತ್ತು.

ಇಂಥ ಪ್ರಶ್ನಾವಳಿಗಳ ಬಗ್ಗೆ ನನಗೆ ತುಸು ಅಸಹನೆಯಿದೆ. ಎಡಿಎಚ್‌ಡಿ ವಯಸ್ಕರಲ್ಲೂ ಇರುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಅದರ ಹಲವು ಲಕ್ಷಣಗಳು ಹನ್ನೆರಡು ವರ್ಷದೊಳಗೇ ಕಾಣಿಸಿಕೊಂಡಿರಬೇಕು, ಒಂದಕ್ಕಿಂತ ಹೆಚ್ಚು ಕಡೆ ತೊಂದರೆ ಕೊಡುತ್ತಿರಬೇಕು. ಈಕೆ ಶಾಲೆಯಲ್ಲಿ ಹಿಡಿದ ಪುಸ್ತಕ ಬಿಡದ ಹುಡುಗಿ. ಇಂದಿಗೂ ತಂತ್ರಾಂಶದ ಒಂದು ದೋಷದ ಬೆನ್ನು ಹತ್ತಿದರೆ ಊಟ ಮರೆಯುತ್ತಾರೆ. ಮನಸ್ಸು ಜಾರುವುದು ಆನ್‌ಲೈನ್ ಸಭೆಗಳಲ್ಲಿ ಮಾತ್ರ. ಮನೋವೈದ್ಯರನ್ನು ಕಾಣುವ ದಾರಿ ಯಾವಾಗಲೂ ತೆರೆದಿದೆ, ಮೊದಲು ಇನ್ನೊಂದನ್ನು ನೋಡೋಣ ಎಂದೆ.

ಸಭೆಯಲ್ಲಿ ಗಮನ ತಪ್ಪಿದ್ದು ಅರಿವಿಗೆ ಬಂದಾಗಲೆಲ್ಲ ಅದು ಎಲ್ಲಿಗೆ ಹೋಗಿತ್ತು ಎಂದು ಹಾಳೆಯಲ್ಲಿ ಒಂದು ಪದ ಬರೆದುಕೊಳ್ಳಲು ಹೇಳಿದೆ. ತಪ್ಪಿದ್ದಕ್ಕೆ ಬೈದುಕೊಳ್ಳುವ ಅಗತ್ಯವಿಲ್ಲ, ವಿಳಾಸ ಬರೆದರೆ ಸಾಕು.

ಮುಂದಿನ ವಾರ ತಂದ ಹಾಳೆಯನ್ನು ಇಬ್ಬರೂ ಕುಳಿತು ಓದಿದೆವು. ಮೂರು ನಾಲ್ಕು ಜನರ ಸಭೆಗಳ ಮುಂದೆ ಹೆಚ್ಚುಕಡಿಮೆ ಏನೂ ಇರಲಿಲ್ಲ. ಬರಹವೆಲ್ಲ ತುಂಬಿಕೊಂಡಿದ್ದು ರಾತ್ರಿ ಎಂಟೂವರೆಯ ಸಭೆಯಲ್ಲಿ. ಕ್ಯಾಲಿಫೋರ್ನಿಯಾದ ತಂಡಕ್ಕೆ ಆಗ ಬೆಳಗಿನ ಎಂಟು ಗಂಟೆ. ಇಪ್ಪತ್ತಕ್ಕೂ ಹೆಚ್ಚು ಜನ ಸರದಿಯಂತೆ ತಮ್ಮ ತಮ್ಮ ವರದಿ ಒಪ್ಪಿಸುತ್ತಾರೆ, ಆಕೆಯ ಪಾಲಿನ ಮಾತು ಎರಡು ನಿಮಿಷ. “ಅತ್ತೆ”, “ಕುಕ್ಕರ್”, “ಹಿಂದಿನ ಬಾಗಿಲು”, “ಕೂದಲು”, ಮತ್ತೆ “ಅತ್ತೆ”. ಮೇಜು ಇದ್ದದ್ದು ನಡುಮನೆಯ ಮೂಲೆಯಲ್ಲಿ, ಬೆನ್ನ ಹಿಂದೆ ದೇವರ ಕೋಣೆಯ ಬಾಗಿಲು. ಅತ್ತೆ ದೀಪ ಆರಿಸಲು ಹೋದಾಗಲೆಲ್ಲ ಪರದೆಯ ಮೂಲೆಯ ಪುಟ್ಟ ಚೌಕದಲ್ಲಿ ಸೆರಗು ಹಾದುಹೋಗುತ್ತಿತ್ತು. ಆಕೆಯ ಕಣ್ಣು ಆ ಚೌಕವನ್ನು ಬಿಟ್ಟು ಕದಲುತ್ತಿರಲಿಲ್ಲ.

ಗಮನ ಎಲ್ಲೂ ಕಳೆದುಹೋಗಿರಲಿಲ್ಲ. ಮನೆ ಕಾಯುವ ಕೆಲಸಕ್ಕೆ ಪೂರ್ತಿ ನೇಮಕವಾಗಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕ ಜೆರೆಮಿ ಬೈಲೆನ್ಸನ್ 2021ರಲ್ಲಿ ವಿಡಿಯೊ ಸಭೆಗಳ ದಣಿವಿಗೆ ನಾಲ್ಕು ಕಾರಣ ಮುಂದಿಟ್ಟರು. ಅವುಗಳಲ್ಲೊಂದು ಇದೇ, ತನ್ನ ಮುಖವನ್ನು ತಾನೇ ಹೊತ್ತುಗಟ್ಟಲೆ ನೋಡುತ್ತ ಕೂರುವುದು. ಅದೇ ವರ್ಷ ಅವರ ತಂಡ ನಡೆಸಿದ ಸಮೀಕ್ಷೆಯಲ್ಲಿ ಗಂಡಸರಿಗಿಂತ ಹೆಂಗಸರಿಗೆ ಈ ದಣಿವು ಹೆಚ್ಚೆಂದು ಕಂಡುಬಂತು. ಇದನ್ನು ಹೇಳಿದಾಗ ಆಕೆ ನಗಲಿಲ್ಲ. “ಹಾಗಾದರೆ ನಾನೊಬ್ಬಳೇ ಅಲ್ಲ” ಎಂದರು.

ಕೊಟ್ಟ ಸಲಹೆಗಳಲ್ಲಿ ಮೊದಲಿನದು ಮನಸ್ಸಿಗಲ್ಲ, ಮೇಜಿಗೆ. ಅದನ್ನು ತಿರುಗಿಸಿ ಬೆನ್ನ ಹಿಂದೆ ಬರಿ ಗೋಡೆ ಬರುವಂತೆ ಮಾಡಿ, ತನ್ನ ಚಿತ್ರ ತನಗೆ ಕಾಣದಂತೆ ಮರೆಮಾಡುವ ಸೌಲಭ್ಯವನ್ನು ಒತ್ತಿಬಿಡಿ ಎಂದೆ. ಝೂಮ್, ಗೂಗಲ್ ಮೀಟ್, ಟೀಮ್ಸ್ ಮೂರರಲ್ಲೂ ಅದಿದೆ. ಬೇರೆಯವರಿಗೆ ನಮ್ಮ ಮುಖ ಕಾಣುತ್ತಲೇ ಇರುತ್ತದೆ, ನಮಗಷ್ಟೇ ಕಾಣುವುದಿಲ್ಲ. ನಾಲ್ಕು ವರ್ಷ ಅದೇ ಕೆಲಸದಲ್ಲಿದ್ದ ಆಕೆಗೆ ಆ ಗುಂಡಿಯ ಅರಿವೇ ಇರಲಿಲ್ಲ!

ಹಾಳೆಯಲ್ಲಿ ಇನ್ನೊಂದು ವಿಳಾಸವೂ ಇತ್ತು: ಸಭೆಗೆ ಮುಂಚೆ ಅರ್ಧಕ್ಕೆ ಬಿಟ್ಟ ಕೆಲಸ. ಒಂದು ಕೆಲಸ ಮುಗಿಯದೆ ಇನ್ನೊಂದಕ್ಕೆ ಹೋದರೆ ಮನಸ್ಸಿನ ಒಂದು ಪಾಲು ಹಳೆಯದರಲ್ಲೇ ಉಳಿಯುತ್ತದೆ ಎಂದು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲೇ ತೋರಿಸಿದ್ದಾರೆ. ಸಭೆಗೆ ಐದು ನಿಮಿಷ ಮೊದಲು ಕೈ ನಿಲ್ಲಿಸಿ, ಮುಂದೆ ಎಲ್ಲಿಂದ ಹಿಡಿಯಬೇಕೆಂದು ಒಂದು ಸಾಲು ಬರೆದಿಟ್ಟು, ಎದ್ದು ನೀರು ಕುಡಿದು ಬನ್ನಿ ಎಂದೆ. ಅದರ ಕೆಳಗೆ ಇನ್ನೊಂದು ಸಾಲು: ಈ ಸಭೆಯಿಂದ ನನಗೆ ತಿಳಿಯಬೇಕಾದದ್ದೇನು? ಬರೆಯಲು ಏನೂ ತೋಚದಿದ್ದರೆ ಆ ಸಭೆಗೆ ನೀವು ಬೇಕೇ ಎಂದು ಮೇಲಧಿಕಾರಿಯನ್ನು ಕೇಳಬಹುದು. ಇದಕ್ಕೆ ಆಕೆ ಹಿಂಜರಿದರು. ಮನೆಯಿಂದ ಕೆಲಸ ಮಾಡುವವರು ಸಭೆ ಬೇಡವೆಂದರೆ ಕೆಲಸವೇ ಬೇಡವೆಂದಂತೆ ಕೇಳಿಸೀತು ಎಂಬ ಭಯ. ಸುಳ್ಳು ಭಯವೆಂದು ನಾನು ಹೇಳಲಾರೆ. ಬದಲಿಗೆ ಏನು ಕೊಡುತ್ತೀರಿ ಎಂಬುದನ್ನೂ ಸೇರಿಸಿ ಕೇಳಿ ಎಂದೆ: ವರದಿಯನ್ನು ಮಧ್ಯಾಹ್ನವೇ ಬರೆದು ಕಳುಹಿಸುತ್ತೇನೆ, ನನ್ನ ವಿಷಯ ಬಂದ ದಿನ ಕರೆಯಿರಿ.

ಕೊನೆಯಲ್ಲಿ, ತಪ್ಪೊಪ್ಪಿಗೆಯ ದನಿಯಲ್ಲಿ, ನೋಟ್‌ಪುಸ್ತಕದ ಅಂಚು ತೋರಿಸಿದರು. ಅಂಚಿನ ಉದ್ದಕ್ಕೂ ಚುಕ್ಕಿ ರಂಗೋಲಿ: ಏಳು ಚುಕ್ಕಿಯದು, ಒಂಬತ್ತು ಚುಕ್ಕಿಯದು, ಕೆಲವು ಅರ್ಧಕ್ಕೆ ನಿಂತವು. ಇದನ್ನೂ ಬಿಡಬೇಕೇ? ಬೇಡ. ಪ್ಲಿಮತ್ ವಿಶ್ವವಿದ್ಯಾಲಯದ ಜಾಕಿ ಆಂಡ್ರೇಡ್ ನಲವತ್ತು ಜನರಿಗೆ ಸಪ್ಪೆಯಾದ ಫೋನ್ ಸಂದೇಶವೊಂದನ್ನು ಕೇಳಿಸಿದ್ದರು. ಕೇಳುತ್ತ ಕಾಗದದ ಮೇಲಿನ ಆಕೃತಿಗಳಿಗೆ ಬಣ್ಣ ತುಂಬುತ್ತಿದ್ದವರು ಸುಮ್ಮನೆ ಕುಳಿತವರಿಗಿಂತ ಶೇ 29ರಷ್ಟು ಹೆಚ್ಚು ನೆನಪಿಟ್ಟುಕೊಂಡಿದ್ದರು. ಕೈ ಚುಕ್ಕಿ ಸೇರಿಸುತ್ತಿದ್ದರೂ ಕಿವಿ ಬಿಡುವಾಗಿರುತ್ತದೆ. ವಾಟ್ಸ್‌ಆ್ಯಪ್ ಓದುವಾಗ ಹಾಗಲ್ಲ, ಓದುವ ಮಾತೂ ಕೇಳುವ ಮಾತೂ ಒಂದೇ ಬಾಗಿಲಲ್ಲಿ ನುಗ್ಗುತ್ತವೆ. ಆದ್ದರಿಂದ ರಂಗೋಲಿ ಇರಲಿ, ಮೊಬೈಲ್ ಅಡುಗೆಮನೆಯಲ್ಲಿರಲಿ. ಹಾಗಿದ್ದೂ ಗಮನ ತಪ್ಪಿ, ಅದೇ ಹೊತ್ತಿಗೆ ಯಾರಾದರೂ ಪ್ರಶ್ನೆ ಕೇಳಿದರೆ, ನೆಟ್‌ವರ್ಕ್ ಮೇಲೆ ದೂರು ಹಾಕದೆ “ಕೇಳಿಸಿಕೊಳ್ಳಲಿಲ್ಲ, ಇನ್ನೊಮ್ಮೆ ಹೇಳಿ” ಎಂದುಬಿಡಿ ಎಂದೆ. ನೆಟ್‌ವರ್ಕ್‌ನ ನೆಪವನ್ನು ಎಲ್ಲರೂ ಬಳಸುತ್ತಾರೆ, ಹಾಗಾಗಿ ಯಾರೂ ನಂಬುವುದಿಲ್ಲ.

ತಿಂಗಳ ನಂತರ ಬಂದರು. ಮೇಜು ಮಲಗುವ ಕೋಣೆಗೆ ಹೋಗಿತ್ತು. ಮೇಲಧಿಕಾರಿ ವಾರದ ಎರಡು ದಿನ ರಾತ್ರಿಯ ಸಭೆಯಿಂದ ಬಿಡುಗಡೆ ಕೊಟ್ಟಿದ್ದರು, ಉಳಿದ ಮೂರು ದಿನಕ್ಕೆ ಒಪ್ಪಿರಲಿಲ್ಲ. ಆ ಮೂರು ದಿನ ತಮ್ಮ ಸರದಿಯನ್ನು ಮೊದಲಿಗೇ ಕೇಳಿ ಪಡೆದಿದ್ದರಂತೆ. ಮಾತಾಡಿ ಮುಗಿಸಿದ ಮೇಲೆ ಉಳಿದವರ ಮಾತು ಕೇಳುವುದು ಸಲೀಸಾಗಿದೆ ಎಂದರು. ಒಂಬತ್ತು ಗಂಟೆ ದಾಟಿದರೆ ಮಾತ್ರ ಈಗಲೂ ಆಕಳಿಕೆ, ಮನಸ್ಸು ಜಾರುತ್ತದೆ. ಬೆಳಿಗ್ಗೆ ಐದೂವರೆಗೆ ಏಳುವವರಿಗೆ ಅದು ಸಹಜವೇ. ನವೆಂಬರ್‌ನ ಮೊದಲ ಭಾನುವಾರ ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಸರಿಯುತ್ತದೆ. ಆಮೇಲೆ ಇದೇ ಸಭೆ ಇಲ್ಲಿ ಒಂಬತ್ತೂವರೆಗೆ ಶುರುವಾಗುತ್ತದೆ. ಬೆಳಗಿನ ಡಬ್ಬಿ ಕಟ್ಟುವ ಕೆಲಸವನ್ನು ಚಳಿಗಾಲ ಮುಗಿಯುವವರೆಗೆ ಪತಿ ವಹಿಸಿಕೊಳ್ಳಬಹುದೇ ಎಂದು ಕೇಳಿದೆ. ಮುಂದಿನ ಬಾರಿ ಅವರನ್ನೂ ಕರೆತರುವುದಾಗಿ ಹೇಳಿದ್ದಾರೆ.