ಬಾಡಿಗೆಗೆ ಸರ್ಕಾರ ದುಡ್ಡು ಕೊಡುತ್ತಾ?

ಪ್ರಶ್ನೆ: ಕಾಕಾ, ನಾವು ಬೆಟಗೇರಿಯಲ್ಲಿ ಮಗ್ಗದ ಕೆಲಸ ಮಾಡುವವರು. ಮಾಲೀಕರು ಮನೆ ಬಾಡಿಗೆಯನ್ನು 2,500ರಿಂದ 4,000ಕ್ಕೆ ಏರಿಸಿದ್ದಾರೆ. ಅಮೆರಿಕದಲ್ಲಿ ಬಡವರ ಬಾಡಿಗೆ ಸರ್ಕಾರವೇ ಕಟ್ಟುತ್ತದಂತೆ. ನಮ್ಮಲ್ಲೂ ಇದೆಯಾ? ಇಲ್ಲದಿದ್ದರೆ, ಮನೆ ಇಲ್ಲದವರಿಗೆ ಅಂತ ಮಾಡಿರುವ ಆಶ್ರಯ ಕೇಂದ್ರದಲ್ಲಾದರೂ ಜಾಗ ಸಿಗುತ್ತಾ? ಮಗ ಧಾರವಾಡದಲ್ಲಿ ಬಿ.ಎ. ಓದುತ್ತಿದ್ದಾನೆ. ಹಾಸ್ಟೆಲ್ ಸಿಗದೆ ರೂಮು ಮಾಡಿದ್ದಾನೆ, ಅದರ ಬಾಡಿಗೆ ಬೇರೆ.
– ಒಬ್ಬ ತಾಯಿ, ಬೆಟಗೇರಿ

ಉತ್ತರ: ತಂಗಿ, ನಿಮ್ಮ ಮನೆ ಬಾಡಿಗೆಗೆ ಅಂತ ತಿಂಗಳು ತಿಂಗಳು ಖಾತೆಗೆ ಬೀಳುವ ದುಡ್ಡು ನಮ್ಮಲ್ಲಿಲ್ಲ. ‘ಅರ್ಜಿ ತುಂಬಿ ಕೊಡ್ತೀನಿ, 500 ಕೊಡಿ’ ಅಂತ ಯಾರಾದರೂ ಬಂದರೆ ಚಹಾ ಕುಡಿಸಿ ಕಳಿಸಿಬಿಡಿ. ಅಮೆರಿಕದ ಮಾತು ಸುಳ್ಳಲ್ಲ. ಅಲ್ಲಿ ವೋಚರ್, ಅಂದರೆ ಬಾಡಿಗೆ ಸಹಾಯದ ಚೀಟಿ, ಸಿಕ್ಕವರು ಆದಾಯದಲ್ಲಿ ಸುಮಾರು ಶೇ. 30ರಷ್ಟನ್ನು ಬಾಡಿಗೆಗೆ ಕೊಟ್ಟರೆ ಸಾಕು, ಉಳಿದದ್ದು ಸರ್ಕಾರದ್ದು. ಆದರೆ ದುಡ್ಡು ಸಾಲದೆ, ಅರ್ಹರಾದ ನಾಲ್ಕು ಮನೆಗಳಲ್ಲಿ ಸುಮಾರು ಒಂದಕ್ಕಷ್ಟೇ ಸಹಾಯ ಸಿಗುತ್ತದೆ. ಪಾಳಿ ಅಲ್ಲೂ ತಪ್ಪಿಲ್ಲ.

ಆಶ್ರಯ ಕೇಂದ್ರ ರಸ್ತೆಯಲ್ಲಿ ಮಲಗುವವರಿಗೆ. ಅದನ್ನು ನಂಬಿ ಇರುವ ಮನೆ ಬಿಡಬೇಡಿ. ನಾನು ಗುಮಾಸ್ತನಾಗಿ ಇಂಥ ಕಡತ ಹೊತ್ತವನು. 2013ರ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಲೆಕ್ಕದಲ್ಲಿ, ಊರಿನ ಪ್ರತಿ ಲಕ್ಷ ಜನಸಂಖ್ಯೆಗೆ 100 ಜನ ಮಲಗುವಷ್ಟು ಜಾಗ ಇರಬೇಕಿತ್ತು. 50 ಜನರ ಕೇಂದ್ರ ನಡೆಸಲು ವರ್ಷಕ್ಕೆ 6 ಲಕ್ಷ ಕೊಡುತ್ತಿದ್ದರು. ಭಾಗಿಸಿ ನೋಡಿ, ತಲೆಗೆ ತಿಂಗಳಿಗೆ 1,000 ರೂಪಾಯಿ! ಕಾವಲುಗಾರನ ಸಂಬಳ, ಕರೆಂಟು, ಚಾದರ ಒಗೆಯುವುದು ಎಲ್ಲ ಅದರಲ್ಲೇ. ಅದೂ ಐದು ವರ್ಷದ ಮಟ್ಟಿಗೆ. ಕಟ್ಟಡಕ್ಕೆ ದುಡ್ಡು ಬರುತ್ತೆ, ಬಲ್ಬಿಗೆ ಬರಲ್ಲ ಅಂತ ನಾವು ಆಫೀಸಿನಲ್ಲಿ ನಗುತ್ತಿದ್ದೆವು. ನಗುವ ವಿಷಯವೇನೂ ಅಲ್ಲ ಅದು.

ನಿಮ್ಮ ಹೆಸರಲ್ಲಿ ತುಂಡು ಜಾಗ ಇದೆಯಾ? ಇದ್ದರೆ ನಗರಸಭೆಗೆ ಹೋಗಿ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0 ಬಗ್ಗೆ ವಿಚಾರಿಸಿ. ಮನೆ ಕಟ್ಟಲು 2.5 ಲಕ್ಷದವರೆಗೆ ಸಹಾಯ ಇದೆ.

ನಿಜವಾಗಿ ಕೈಗೆ ಸಿಗುವ ದಾರಿ ಇರುವುದು ಮಗನಿಗೆ. ನೀವು ಹಿಂದುಳಿದ ವರ್ಗದವರಾಗಿದ್ದು, ಆದಾಯ ಮಿತಿಯೊಳಗಿದ್ದರೆ ‘ವಿದ್ಯಾಸಿರಿ’ಗೆ ಅರ್ಜಿ ಹಾಕಿಸಿ. ಹಾಸ್ಟೆಲ್ ಸಿಗದವರ ಊಟ, ವಸತಿಗೆಂದೇ ಇರುವ ಯೋಜನೆ ಇದು. 2013-14ರಲ್ಲಿ ಶುರುವಾದಾಗ ತಿಂಗಳಿಗೆ 1,500ರಂತೆ ಹತ್ತು ತಿಂಗಳು ಕೊಡುತ್ತಿದ್ದರು. ಅರ್ಜಿ ಆನ್‌ಲೈನ್‌ನಲ್ಲೇ. ಜಾತಿ, ಆದಾಯ ಪ್ರಮಾಣಪತ್ರ ಈಗಲೇ ತೆಗೆಸಿಡಿ. ನನ್ನ ತಮ್ಮನ ಮಗ ‘ನಾಳೆ ಹಾಕ್ತೀನಿ’ ಅಂತ ಸುಮ್ನೆ ಕೂತು, ಗಡುವು ದಾಟಿ, ಒಂದಿಡೀ ವರ್ಷದ ದುಡ್ಡು ಕಳೆದುಕೊಂಡ.