ಲಾಕ್‌ಡೌನ್ ಶುರುವಾದಾಗ ಪಾರ್ಸೆಲ್‌ಗೆ ಅವಕಾಶ ಇದ್ದ ಕಡೆಯೂ ಎಷ್ಟೋ ರೆಸ್ಟೋರೆಂಟ್‌ಗಳು ಯಾಕೆ ಮುಚ್ಚಿದವು?

ಪಾರ್ಸೆಲ್‌ನಿಂದ ಬರುವ ದುಡ್ಡು ಬಾಡಿಗೆ, ಸಂಬಳಕ್ಕೆ ಸಾಲುತ್ತಿರಲಿಲ್ಲ. ಅದೇ ಮುಖ್ಯ ಕಾರಣ. ಹತ್ತು ಊಟ ಹೋಗಲಿ, ನೂರು ಊಟ ಹೋಗಲಿ, ಒಲೆ ಹಚ್ಚಲೇಬೇಕು, ಅಡುಗೆಯವರು ಇರಲೇಬೇಕು ಅಲ್ವಾ? ಕೂತು ತಿನ್ನುವವರು ಊಟದ ಜೊತೆ ಜ್ಯೂಸು, ಕಾಫಿ, ಸಿಹಿ ತರಿಸಿಕೊಳ್ಳುತ್ತಾರೆ. ಲಾಭ ಜಾಸ್ತಿ ಇರುವುದು ಅದರಲ್ಲೇ. ಪಾರ್ಸೆಲ್‌ನಲ್ಲಿ ಅದು ತಪ್ಪಿಹೋಯಿತು. ಮೇಲಿಂದ ಡಬ್ಬಿಯ ಖರ್ಚು, ಡೆಲಿವರಿ ಆ್ಯಪ್‌ನ ಕಮಿಷನ್ ಬೇರೆ. 2020ರ ಮಾರ್ಚ್‌ನಲ್ಲಿ ಆಫೀಸುಗಳೂ ಮುಚ್ಚಿದ್ದರಿಂದ ಮಧ್ಯಾಹ್ನದ ಗಿರಾಕಿಗಳೇ ಇಲ್ಲವಾದರು. ಫ್ರಿಜ್‌ನಲ್ಲಿದ್ದ ಹಾಲು, ಸೊಪ್ಪು, ಮಾಂಸ ಕಾಯುವ ಸಾಮಾನಲ್ಲ. ಎಷ್ಟೋ ಮಾಲೀಕರು ಅವನ್ನು ಕೆಲಸದವರಿಗೇ ಹಂಚಿ ಬಾಗಿಲು ಹಾಕಿದರು. ನನ್ನ ಪ್ರಕಾರ ದೊಡ್ಡ ಪೆಟ್ಟು ಬಿದ್ದದ್ದೂ ಆ ಕೆಲಸದವರಿಗೇ. ಟಿಪ್ಸ್ ನಂಬಿಕೊಂಡಿದ್ದ ಸರ್ವರ್‌ಗಳಿಗೆ ಪಾರ್ಸೆಲ್ ಕೌಂಟರ್‌ನಲ್ಲಿ ಮಾಡಲು ಕೆಲಸವೇ ಇರಲಿಲ್ಲ.